ಪದವಿ ವಿದ್ಯಾರ್ಥಿಗಳ ಸಂಶೋಧನೆ

ಪದವಿ ವಿದ್ಯಾರ್ಥಿಗಳ ಸಂಶೋಧನೆ ಎಂದರೆ ಬಿ.ಎಸ್ಸಿ., ಬಿ.ಇ. ಮೊದಲಾದ ಪ್ರಥಮ ಪದವಿಯ ತರಗತಿಗಳಲ್ಲಿ ಓದುತ್ತಿರುವವರು ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ, ಅದುವರೆಗೆ ಉತ್ತರ ದೊರೆಯದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡು ನಡೆಸುವ ಅಧ್ಯಯನ. ದೊರೆತ ಫಲಿತಾಂಶವನ್ನು ಭಿತ್ತಿಪತ್ರ, ಭಾಷಣ ಅಥವಾ ಲೇಖನದ ರೂಪದಲ್ಲಿ ವಿಷಯ ಬಲ್ಲವರ ಮುಂದೆ ಮಂಡಿಸುವುದೂ ಈ ಕಾರ್ಯದ ಭಾಗವೇ ಆಗಿದೆ. ಮಾನವಿಕ ಮತ್ತು ಸಮಾಜ ವಿಜ್ಞಾನಗಳಲ್ಲಿಯೂ ಈ ಪದ್ಧತಿ ಉಂಟು. ಆದರೆ ಹೆಚ್ಚಾಗಿ ಬೆಳೆದಿರುವುದು ವಿಜ್ಞಾನ ಮತ್ತು ತಂತ್ರಜ್ಞಾನದ ವಿಭಾಗಗಳಲ್ಲಿ. ಈ ಲೇಖನವು ಮುಖ್ಯವಾಗಿ ವಿಜ್ಞಾನಕ್ಕೆ ಸಂಬಂಧಿಸಿದೆ.

ಪಠ್ಯಕ್ರಮದ ಪ್ರಾಯೋಗಿಕ ತರಗತಿಗೂ ಸಂಶೋಧನೆಗೂ ಇರುವ ಅಂತರ ಸಲಕರಣೆಯದಲ್ಲ, ಪ್ರಶ್ನೆಯದು. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ವಿದ್ಯಾರ್ಥಿಗೆ ಸೆಕೆಂಡಿನ ವರ್ಗಕ್ಕೆ ಸುಮಾರು 9.8 ಮೀಟರ್ ಎಂಬ ಉತ್ತರ ಮೊದಲೇ ತಿಳಿದಿರುತ್ತದೆ. ಬೇರೆ ಉತ್ತರ ಬಂದರೆ ಅದು ಅವನ ತಪ್ಪು. ಹೀಗಾಗಿ ರೆಕಾರ್ಡ್ ಪುಸ್ತಕದಲ್ಲಿ ಅಂಕಿಗಳನ್ನು ಹೊಂದಿಸಿ ಬರೆಯುವ ರೂಢಿ ಎಲ್ಲ ಕಾಲೇಜುಗಳಿಗೂ ಪರಿಚಿತವೇ. ಸಂಶೋಧನೆಯಲ್ಲಿ ಉತ್ತರ ಮಾರ್ಗದರ್ಶಕರಿಗೂ ತಿಳಿದಿರುವುದಿಲ್ಲ. ನಿರೀಕ್ಷೆಗೆ ಹೊಂದದ ಅಂಕಿಯೇ ಅಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಬಹುದು.

ಹೆಸರು

ಕರ್ನಾಟಕದಲ್ಲಿ ‘ಪದವಿಪೂರ್ವ’ ಎಂಬ ಪದವು 11 ಮತ್ತು 12ನೆಯ ತರಗತಿಗಳಿಗೆ ರೂಢವಾಗಿದೆ. ‘ಅಂಡರ್‌ಗ್ರಾಜುಯೇಟ್’ ಎಂಬುದನ್ನು ಕೆಲವು ಅನುವಾದಗಳಲ್ಲಿ ‘ಪದವಿಪೂರ್ವ’ ಎಂದೇ ಬರೆಯುವುದರಿಂದ ಓದುಗರಿಗೆ ಪಿ.ಯು.ಸಿ. ವಿದ್ಯಾರ್ಥಿಗಳ ವಿಷಯವೆಂಬ ಭ್ರಮೆ ಉಂಟಾಗುತ್ತದೆ. ‘ಸ್ನಾತಕ’ ಎಂಬ ಪದ ವಿಶ್ವವಿದ್ಯಾಲಯಗಳ ಕಾಗದಪತ್ರಗಳಲ್ಲಿ ಬಳಕೆಯಲ್ಲಿದೆ. ‘ಪದವಿ ವಿದ್ಯಾರ್ಥಿ’ ಎಂಬುದು ಎಲ್ಲರಿಗೂ ತಿಳಿಯುವ ರೂಪ. ಮಾರ್ಗದರ್ಶಕರನ್ನು ಕಾಲೇಜುಗಳಲ್ಲಿ ‘ಗೈಡ್’ ಎಂದೂ ಸಂಶೋಧನೆಯನ್ನು ‘ಪ್ರಾಜೆಕ್ಟ್’ ಎಂದೂ ಕರೆಯುವುದು ವಾಡಿಕೆ. ಎಲ್ಲ ಪ್ರಾಜೆಕ್ಟುಗಳೂ ಸಂಶೋಧನೆಯಲ್ಲ ಎಂಬುದನ್ನು ನೆನಪಿಡಬೇಕು.

ಇತಿಹಾಸ

ಬೋಧನೆ ಮತ್ತು ಸಂಶೋಧನೆ ಒಂದೇ ಸೂರಿನಡಿ ಇರಬೇಕೆಂಬ ವಿಚಾರವನ್ನು ಸಾಮಾನ್ಯವಾಗಿ ವಿಲ್ಹೆಲ್ಮ್ ಫಾನ್ ಹಂಬೋಲ್ಟ್ ಅವರ ಹೆಸರಿನೊಂದಿಗೆ, 1810ರಲ್ಲಿ ಆರಂಭವಾದ ಬರ್ಲಿನ್ ವಿಶ್ವವಿದ್ಯಾಲಯದೊಂದಿಗೆ ಜೋಡಿಸಲಾಗುತ್ತದೆ. ಅಮೆರಿಕದಲ್ಲಿ 1876ರಲ್ಲಿ ಸ್ಥಾಪಿತವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಇದೇ ಮಾದರಿಯನ್ನು ಅನುಸರಿಸಿತು. ಆದರೆ ಎರಡೂ ಕಡೆ ಸಂಶೋಧನೆಯು ಬಹುಕಾಲ ಉನ್ನತ ಪದವಿಯವರ ಸೊತ್ತಾಗಿತ್ತು. ಮೊದಲ ಪದವಿಯವರು ಕೇಳಿ ಬರೆದುಕೊಳ್ಳುವವರಾಗಿಯೇ ಉಳಿದರು.

ಈ ಸ್ಥಿತಿಯನ್ನು ಬದಲಿಸಿದ್ದರಲ್ಲಿ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ (ಎಂ.ಐ.ಟಿ.) ಪಾತ್ರ ದೊಡ್ಡದು. ಪೋಲರಾಯ್ಡ್ ಕ್ಯಾಮೆರಾದ ನಿರ್ಮಾತೃ ಎಡ್ವಿನ್ ಲ್ಯಾಂಡ್ 1957ರಲ್ಲಿ ಅಲ್ಲಿ ಮಾಡಿದ ಭಾಷಣದಲ್ಲಿ, ಕಾಲೇಜಿಗೆ ಕಾಲಿಟ್ಟ ಮೊದಲ ವರ್ಷದಲ್ಲಿಯೇ ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನದೇ ಆದ ಸಂಶೋಧನೆಯ ವಿಷಯವಿರಬೇಕೆಂದು ವಾದಿಸಿದರು. ಹನ್ನೆರಡು ವರ್ಷಗಳ ಬಳಿಕ, 1969ರಲ್ಲಿ, ಅದೇ ಸಂಸ್ಥೆಯ ಯುವ ಅಧ್ಯಾಪಕಿ ಮಾರ್ಗರೆಟ್ ಮೆಕ್‌ವಿಕರ್ ಅವರು ‘ಯು.ರೋಪ್’ ಎಂದು ಪ್ರಸಿದ್ಧವಾದ ಪದವಿ ವಿದ್ಯಾರ್ಥಿ ಸಂಶೋಧನಾ ಕಾರ್ಯಕ್ರಮವನ್ನು ಆರಂಭಿಸಿದರು. ಅದರಲ್ಲಿ ವಿದ್ಯಾರ್ಥಿಯು ಅಂಕಕ್ಕಾಗಿ, ವೇತನಕ್ಕಾಗಿ ಅಥವಾ ಕೇವಲ ಆಸಕ್ತಿಯಿಂದ ದುಡಿಯಬಹುದು. ವೇತನದ ಆಯ್ಕೆ ಸಣ್ಣ ಸಂಗತಿಯಲ್ಲ: ರಜೆಯಲ್ಲಿ ಸಂಪಾದಿಸಲೇಬೇಕಾದ ವಿದ್ಯಾರ್ಥಿಗೂ ಅದರಿಂದ ಪ್ರಯೋಗಾಲಯದ ಬಾಗಿಲು ತೆರೆಯಿತು. ಇಂದು ಆ ಸಂಸ್ಥೆಯ ಬಹುಪಾಲು ವಿದ್ಯಾರ್ಥಿಗಳು ಪದವಿ ಮುಗಿಸುವುದರೊಳಗೆ ಒಮ್ಮೆಯಾದರೂ ಇದರಲ್ಲಿ ಭಾಗವಹಿಸಿರುತ್ತಾರೆ.

1978ರಲ್ಲಿ ಅಮೆರಿಕದಲ್ಲಿ ಪದವಿ ವಿದ್ಯಾರ್ಥಿ ಸಂಶೋಧನಾ ಮಂಡಳಿ ಸ್ಥಾಪನೆಯಾಯಿತು. 1987ರಲ್ಲಿ ಉತ್ತರ ಕೆರೊಲಿನಾದ ಆಶ್‌ವಿಲ್‌ನಲ್ಲಿ ಪದವಿ ವಿದ್ಯಾರ್ಥಿಗಳೇ ಪ್ರಬಂಧ ಮಂಡಿಸುವ ಮೊದಲ ರಾಷ್ಟ್ರೀಯ ಸಮ್ಮೇಳನ ಜರುಗಿತು. ಅದೇ ಕಾಲದಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಬೇಸಗೆಯ ಸಂಶೋಧನಾ ಶಿಬಿರಗಳಿಗೆ ಹಣ ನೀಡುವ ಯೋಜನೆಯನ್ನು ಜಾರಿಗೆ ತಂದಿತು. ಈ ಶಿಬಿರಗಳ ವಿದ್ಯಾರ್ಥಿವೇತನ ಅಮೆರಿಕದ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮಾತ್ರ ಮೀಸಲು. ವಿದ್ಯಾರ್ಥಿ ವೀಸಾದಲ್ಲಿ ಅಲ್ಲಿ ಓದುತ್ತಿರುವ ಭಾರತೀಯರಿಗೆ ದೊರೆಯುವುದಿಲ್ಲ. ಬ್ರಿಟನ್ನಿನಲ್ಲಿ ಇಂತಹ ರಾಷ್ಟ್ರೀಯ ಸಮ್ಮೇಳನ ಆರಂಭವಾದದ್ದು 2011ರಲ್ಲಿ.

ಮಾರ್ಗದರ್ಶಕರ ಕಾರ್ಯ

ಮಾರ್ಗದರ್ಶಕರ ಮೊದಲ ಕೆಲಸ ಪ್ರಶ್ನೆಯನ್ನು ಅಳತೆಗೆ ತರುವುದು. ‘ಕೆರೆಗಳ ಮಾಲಿನ್ಯ’ ಎಂಬುದು ವಿಷಯವಾದೀತು, ಪ್ರಶ್ನೆಯಾಗದು. ಒಂದು ನಿರ್ದಿಷ್ಟ ಕೆರೆಯ ಕೋಡಿಯ ಬಳಿ ಮತ್ತು ಕಾಲುವೆಯ ನೀರು ಸೇರುವಲ್ಲಿ ಕರಗಿದ ಆಮ್ಲಜನಕದ ಪ್ರಮಾಣ ಮಳೆಗಾಲದ ಮೊದಲು ಮತ್ತು ನಂತರ ಹೇಗೆ ಬೇರೆಯಾಗಿರುತ್ತದೆ ಎಂಬುದು ಎರಡು ಸೆಮಿಸ್ಟರುಗಳಲ್ಲಿ, ಕಾಲೇಜಿನಲ್ಲಿರುವ ಗಾಜಿನ ಸಾಮಾನುಗಳಿಂದಲೇ ಉತ್ತರಿಸಬಹುದಾದ ಪ್ರಶ್ನೆ. ಇಷ್ಟು ಚಿಕ್ಕದಾಗಿಸಿದ ಮೇಲೂ ಅದು ನಿಜವಾದ ಪ್ರಶ್ನೆಯಾಗಿಯೇ ಉಳಿಯಬೇಕು. ಇದನ್ನು ಸಾಧಿಸಲು ಆ ಕ್ಷೇತ್ರದಲ್ಲಿ ಏನೇನು ಆಗಿಹೋಗಿದೆ ಎಂಬುದರ ಅರಿವಿರಬೇಕು. ಸ್ವತಃ ಸಂಶೋಧನೆ ನಡೆಸದ ಅಧ್ಯಾಪಕರಿಗೆ ಇದು ಕಷ್ಟ.

ಎರಡನೆಯದು ನಿತ್ಯದ ಒಡನಾಟ. ಟಿಪ್ಪಣಿ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯುವುದು, ಹೊಡೆದುಹಾಕಿದ ಅಂಕಿಯೂ ಓದುವಂತಿರಬೇಕು ಎಂಬುದು, ಒಂದೇ ಅಳತೆಯನ್ನು ಮೂರು ಬಾರಿ ಮಾಡುವುದು, ದೋಷದ ಮಿತಿಯನ್ನು ಹೇಳದೆ ಫಲಿತಾಂಶವನ್ನು ಹೇಳದಿರುವುದು ಇವೆಲ್ಲ ಪುಸ್ತಕದಿಂದ ಬರುವ ವಿದ್ಯೆಗಳಲ್ಲ, ಜೊತೆಯಲ್ಲಿದ್ದು ಕಲಿಯುವಂಥವು. ದೊಡ್ಡ ಪ್ರಯೋಗಾಲಯಗಳಲ್ಲಿ ಪ್ರಾಧ್ಯಾಪಕರಿಗಿಂತ ಪಿಎಚ್.ಡಿ. ವಿದ್ಯಾರ್ಥಿಗಳೇ ಈ ಹೊಣೆಯನ್ನು ಹೊರುತ್ತಾರೆ.

ಗಣಿತ ಮತ್ತು ಗಣಕ ವಿಜ್ಞಾನದಲ್ಲಿ ಸಲಕರಣೆಯ ಹಂಗಿಲ್ಲ. ಒಂದರ ಮೇಲೊಂದು ಪೇರಿಸಿಟ್ಟ ಬೇರೆ ಬೇರೆ ಅಳತೆಯ ದೋಸೆಗಳನ್ನು, ಮೇಲಿನ ಕೆಲವನ್ನು ಒಟ್ಟಿಗೆ ಮಗುಚುತ್ತಾ ಹೋಗಿ, ಎಷ್ಟು ಕಡಿಮೆ ಬಾರಿ ಮಗುಚಿ ಗಾತ್ರಕ್ಕನುಗುಣವಾಗಿ ಜೋಡಿಸಬಹುದು ಎಂಬುದೊಂದು ಪ್ರಸಿದ್ಧ ಸಮಸ್ಯೆ (ಮೂಲದಲ್ಲಿರುವುದು ಪ್ಯಾನ್‌ಕೇಕ್). ಹಾರ್ವರ್ಡ್‌ನಲ್ಲಿ ಪದವಿ ವಿದ್ಯಾರ್ಥಿಯಾಗಿದ್ದಾಗ ಬಿಲ್ ಗೇಟ್ಸ್ ಇದಕ್ಕೆ ಕಂಡುಕೊಂಡ ವಿಧಾನವು ಕ್ರಿಸ್ಟೋಸ್ ಪಾಪಡಿಮಿಟ್ರಿಯು ಅವರೊಡನೆ ಬರೆದ ಲೇಖನವಾಗಿ 1979ರಲ್ಲಿ ಪ್ರಕಟವಾಯಿತು. ಆ ವೇಳೆಗೆ ಗೇಟ್ಸ್ ಕಾಲೇಜು ಬಿಟ್ಟು ಮೈಕ್ರೋಸಾಫ್ಟ್ ಕಟ್ಟುತ್ತಿದ್ದರು.

ಮಂಡನೆ

ಸಮ್ಮೇಳನಕ್ಕೆ ಮೊದಲು ಕಳುಹಿಸಬೇಕಾದದ್ದು ಸಾರಾಂಶ: ಪ್ರಶ್ನೆ, ವಿಧಾನ, ಫಲಿತಾಂಶ ಮತ್ತು ಅದರ ಅರ್ಥವನ್ನು ಸುಮಾರು ಇನ್ನೂರು ಮುನ್ನೂರು ಪದಗಳಲ್ಲಿ ಹೇಳುವ ಬರಹ. ಆಯ್ಕೆಯಾದವರು ಹತ್ತು ಹದಿನೈದು ನಿಮಿಷ ಮಾತನಾಡುತ್ತಾರೆ ಅಥವಾ ಭಿತ್ತಿಪತ್ರದ ಮುಂದೆ ಒಂದೆರಡು ಗಂಟೆ ನಿಲ್ಲುತ್ತಾರೆ. ವಿದ್ಯಾರ್ಥಿಗಳ ಮಟ್ಟಿಗೆ ಎರಡನೆಯದೇ ಹೆಚ್ಚು ಪ್ರಯೋಜನಕರ. ಭಾಷಣವನ್ನು ಬಾಯಿಪಾಠ ಮಾಡಬಹುದು. ಭಿತ್ತಿಪತ್ರದ ಮುಂದೆ ಒಬ್ಬೊಬ್ಬರಾಗಿ ಬಂದು ನಿಲ್ಲುವವರು ಎಲ್ಲಿಂದ ಬೇಕಾದರೂ ಪ್ರಶ್ನೆ ಎತ್ತಬಹುದು. ವಿಷಯ ಬಲ್ಲ ಪ್ರಾಧ್ಯಾಪಕರಿಗೂ ದಾರಿಯಲ್ಲಿ ಹೋಗುತ್ತಿದ್ದ ಬೇರೆ ವಿಭಾಗದ ವಿದ್ಯಾರ್ಥಿಗೂ ಒಂದೇ ಕೆಲಸವನ್ನು ಬೇರೆ ಬೇರೆ ಮಾತುಗಳಲ್ಲಿ ವಿವರಿಸಬೇಕಾಗುತ್ತದೆ. ತಾನೇ ಮಾಡದ ಕೆಲಸ ಇಲ್ಲಿ ಎರಡು ಮೂರು ಪ್ರಶ್ನೆಗಳಲ್ಲಿ ಬಯಲಾಗುತ್ತದೆ. ಭಿತ್ತಿಪತ್ರದಲ್ಲಿ ಅಕ್ಷರ ಕಡಿಮೆ, ನಕ್ಷೆ ಹೆಚ್ಚು ಇರಬೇಕೆಂಬುದು ಸಾಮಾನ್ಯ ಸಲಹೆ. ಮೊದಲ ಬಾರಿಗೆ ಮಂಡಿಸುವವರು ಇದನ್ನು ಪಾಲಿಸುವುದು ಅಪರೂಪ.

ಉದಾಹರಣೆಗಳು

ಸುಬ್ರಹ್ಮಣ್ಯನ್ ಚಂದ್ರಶೇಖರ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಓದುತ್ತಿದ್ದಾಗಲೇ ಸಂಶೋಧನಾ ಲೇಖನಗಳನ್ನು ಬರೆದರು. 1928ರ ಬೇಸಗೆಯನ್ನು ಅವರು ಕಲ್ಕತ್ತೆಯ ಭಾರತೀಯ ವಿಜ್ಞಾನ ಪ್ರವರ್ಧಕ ಸಂಘದ ಪ್ರಯೋಗಾಲಯದಲ್ಲಿ ಕಳೆದರು. ‘ರಾಮನ್ ಪರಿಣಾಮ’ ಅಲ್ಲಿ ಪತ್ತೆಯಾಗಿ ಕೆಲವೇ ತಿಂಗಳಾಗಿದ್ದವು. ಅದೇ ವರ್ಷ ಮದರಾಸಿಗೆ ಬಂದಿದ್ದ ಜರ್ಮನ್ ಭೌತವಿಜ್ಞಾನಿ ಆರ್ನಾಲ್ಡ್ ಸೊಮರ್‌ಫೆಲ್ಡ್, ತಮ್ಮನ್ನು ಕಾಣಲು ಬಂದ ಈ ವಿದ್ಯಾರ್ಥಿಗೆ ಇನ್ನೂ ಪ್ರಕಟವಾಗದ ತಮ್ಮ ಲೇಖನದ ಕರಡಚ್ಚನ್ನು ಕೊಟ್ಟರು. ಅದನ್ನು ಓದಿ ಚಂದ್ರಶೇಖರ್ ಬರೆದ ಲೇಖನವು ಕೇಂಬ್ರಿಡ್ಜಿನ ಆರ್.ಎಚ್. ಫೌಲರ್ ಅವರ ಮೂಲಕ 1929ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ನಿಯತಕಾಲಿಕದಲ್ಲಿ ಬೆಳಕು ಕಂಡಿತು. ಪ್ರತಿಭೆಯ ಕಥೆಯಾಗಿ ಇದನ್ನು ಹೇಳುವುದುಂಟು. ಪ್ರವೇಶದ ಕಥೆಯಾಗಿಯೂ ಓದಬಹುದು. ಕಲ್ಕತ್ತೆಯ ಪ್ರಯೋಗಾಲಯವನ್ನು ನಡೆಸುತ್ತಿದ್ದ ಸಿ.ವಿ. ರಾಮನ್ ಅವರು ಚಂದ್ರಶೇಖರರ ಚಿಕ್ಕಪ್ಪ. ಇಂತಹ ನೆಂಟಸ್ತಿಕೆಯಿಲ್ಲದವರಿಗೂ ಅದೇ ಬಾಗಿಲು ತೆರೆಯಬೇಕೆಂಬುದೇ ಮುಂದೆ ಬಂದ ವ್ಯವಸ್ಥಿತ ಕಾರ್ಯಕ್ರಮಗಳ ಹಿಂದಿನ ತರ್ಕ.

ಈಚಿನ ಕಾಲದ ಹೆಸರಾಂತ ನಿದರ್ಶನ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ್ದು. ಅಲ್ಲಿನ ಪದವಿ ವಿದ್ಯಾರ್ಥಿ ಡೇವಿಡ್ ನಾರ್ಕೆವಿಕ್‌ಗೆ ಮಾರ್ಗದರ್ಶಕ ಡಂಕನ್ ಲಾರಿಮರ್ ವಹಿಸಿದ್ದು ಮೇಲುನೋಟಕ್ಕೆ ಬೇಸರದ ಕೆಲಸ: ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕ ವರ್ಷಗಳ ಹಿಂದೆ ದಾಖಲಿಸಿದ್ದ ಮಾಹಿತಿಯನ್ನು ಮತ್ತೆ ಶೋಧಿಸುವುದು. 2001ರ ಜುಲೈ 24ರ ದಾಖಲೆಯಲ್ಲಿ, ಐದು ಮಿಲಿಸೆಕೆಂಡಿಗೂ ಕಡಿಮೆ ಕಾಲ ಇದ್ದು ಮರೆಯಾದ ಅತಿ ಪ್ರಬಲ ಸಂಕೇತವೊಂದು ವಿದ್ಯಾರ್ಥಿಯ ಕಣ್ಣಿಗೆ ಬಿತ್ತು. ನಮ್ಮ ನಕ್ಷತ್ರಪುಂಜದ ಆಚೆಯಿಂದ ಅದು ಬಂದಿದೆಯೆಂದು ತೀರ್ಮಾನಿಸಿ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಲಾಯಿತು. ಐವರು ಲೇಖಕರಲ್ಲಿ ನಾರ್ಕೆವಿಕ್ ಒಬ್ಬರು. ಇಂದು ‘ಫಾಸ್ಟ್ ರೇಡಿಯೋ ಬರ್ಸ್ಟ್’ ಎಂದು ಕರೆಯಲಾಗುವ ವಿದ್ಯಮಾನದ ಮೊದಲ ಗುರುತು ಅದಾಗಿತ್ತು. ಎಲ್ಲರೂ ಕೂಡಲೇ ನಂಬಲಿಲ್ಲ. ಪಾರ್ಕ್ಸ್‌ನಲ್ಲಿ ದೊರೆತ ಇದೇ ಬಗೆಯ ಬೇರೆ ಸಂಕೇತಗಳು ಭೂಮಿಯವೇ ಎಂದು ತಿಳಿದುಬಂದಿತ್ತು. ಅವು ಅಲ್ಲಿನ ಸಿಬ್ಬಂದಿ ಮೈಕ್ರೋವೇವ್ ಒಲೆಯ ಬಾಗಿಲನ್ನು ಅವಧಿಗೆ ಮುನ್ನ ತೆರೆದಾಗ ಹೊಮ್ಮುತ್ತಿದ್ದವೆಂಬುದು 2015ರಲ್ಲಿ ಪತ್ತೆಯಾಯಿತು. ಅಷ್ಟರಲ್ಲಿ, 2013ರಲ್ಲಿ, ಇನ್ನೂ ನಾಲ್ಕು ನೈಜ ಸಂಕೇತಗಳು ವರದಿಯಾಗಿ ಮೊದಲ ಶೋಧಕ್ಕೆ ಬಲ ಬಂದಿತ್ತು. ಈ ಆವಿಷ್ಕಾರಕ್ಕಾಗಿ 2023ರ ಶಾ ಪ್ರಶಸ್ತಿಯನ್ನು ಲಾರಿಮರ್, ಮೋರಾ ಮೆಕ್‌ಲಾಫ್ಲಿನ್ ಮತ್ತು ಮ್ಯಾಥ್ಯೂ ಬೇಲ್ಸ್ ಅವರಿಗೆ ನೀಡಲಾಯಿತು. ದಾಖಲೆಯಲ್ಲಿ ಸಂಕೇತವನ್ನು ಮೊದಲು ಕಂಡ ವಿದ್ಯಾರ್ಥಿಯ ಹೆಸರು ಪ್ರಶಸ್ತಿಯಲ್ಲಿಲ್ಲ.

ತರಗತಿಯೇ ಪ್ರಯೋಗಾಲಯ

ಒಬ್ಬ ಮಾರ್ಗದರ್ಶಕರಿಗೆ ಒಬ್ಬರೋ ಇಬ್ಬರೋ ವಿದ್ಯಾರ್ಥಿಗಳೆಂಬ ಕ್ರಮದಲ್ಲಿ ಹೆಚ್ಚಿನವರಿಗೆ ಅವಕಾಶ ಸಿಗುವುದಿಲ್ಲ. ಇದಕ್ಕೆ ಪರಿಹಾರವಾಗಿ ಇಡೀ ತರಗತಿಯೇ ಒಂದು ಸಂಶೋಧನಾ ಪ್ರಶ್ನೆಯನ್ನು ಹಂಚಿಕೊಳ್ಳುವ ಪದ್ಧತಿ ಬೆಳೆದಿದೆ. ಅಮೆರಿಕದಲ್ಲಿ 2008ರಲ್ಲಿ ಆರಂಭವಾದ ‘ಸೀ-ಫೇಜಸ್’ ಇದರ ಪ್ರಮುಖ ಮಾದರಿ. ವಿದ್ಯಾರ್ಥಿಗಳು ತಮ್ಮ ಹಿತ್ತಲಿನ ಹಿಡಿ ಮಣ್ಣನ್ನು ತಂದು, ಅದರಿಂದ ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸುಗಳನ್ನು, ಅಂದರೆ ಫೇಜ್‌ಗಳನ್ನು, ಬೇರ್ಪಡಿಸುತ್ತಾರೆ. ಕಂಡುಹಿಡಿದ ಫೇಜ್‌ಗೆ ಹೆಸರಿಡುವ ಹಕ್ಕು ವಿದ್ಯಾರ್ಥಿಯದು. ಬಳಿಕ ಅದರ ಜೀನೋಮನ್ನು ಓದಿ ಯಾವ ಜೀನ್ ಎಲ್ಲಿದೆಯೆಂದು ಗುರುತಿಸುತ್ತಾರೆ. ಮಣ್ಣು ಎಲ್ಲೆಡೆಯೂ ಸಿಗುತ್ತದೆ, ಅಪಾಯವಿಲ್ಲ, ಪ್ರತಿಯೊಬ್ಬರಿಗೂ ಹೊಸದೊಂದು ದೊರೆಯುವ ಸಾಧ್ಯತೆ ಹೆಚ್ಚು. ಯೋಜನೆಯ ಯಶಸ್ಸಿನ ಗುಟ್ಟು ಇದೇ.

ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಇದೇ ಬಗೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು 2010ರಲ್ಲಿ ಕೊಳೆತ ಬದನೆಕಾಯಿಯಿಂದ ಪ್ರತ್ಯೇಕಿಸಿದ ಫೇಜ್‌ಗೆ ‘ಮಡ್ಡಿ’ ಎಂದು ಹೆಸರಾಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರ ಸಂಗ್ರಹದಲ್ಲಿದ್ದ ಅದನ್ನು ಇನ್ನೆರಡು ಫೇಜ್‌ಗಳೊಂದಿಗೆ ಸೇರಿಸಿ 2018ರಲ್ಲಿ ಲಂಡನ್ನಿನಲ್ಲಿ ಒಬ್ಬ ಹದಿಹರೆಯದ ರೋಗಿಗೆ ನೀಡಲಾಯಿತು. ಶ್ವಾಸಕೋಶದ ಕಸಿಯ ಬಳಿಕ ಆ ರೋಗಿಗೆ ತಗಲಿದ್ದ ಮೈಕೋಬ್ಯಾಕ್ಟೀರಿಯಂ ಸೋಂಕು ಯಾವ ಪ್ರತಿಜೀವಕಕ್ಕೂ ಬಗ್ಗಿರಲಿಲ್ಲ. ಚಿಕಿತ್ಸೆಯ ನಂತರ ಸ್ಥಿತಿ ಗಮನಾರ್ಹವಾಗಿ ಸುಧಾರಿಸಿತೆಂದು 2019ರ ವರದಿ ತಿಳಿಸುತ್ತದೆ. ಬದನೆಕಾಯಿಯನ್ನು ಆರಿಸಿಕೊಂಡಾಗ ಇದನ್ನು ಯಾರೂ ಊಹಿಸಿರಲಿಲ್ಲ.

ಲೇಖಕರ ಪಟ್ಟಿಯ ಚರ್ಚೆ

ವಿದ್ಯಾರ್ಥಿಯ ಹೆಸರು ಲೇಖನದಲ್ಲಿ ಎಲ್ಲಿರಬೇಕು ಎಂಬುದು ಬಗೆಹರಿಯದ ಪ್ರಶ್ನೆ. 2015ರಲ್ಲಿ ಹಣ್ಣುನೊಣದ ಒಂದು ವರ್ಣತಂತುವಿನ ಬಗ್ಗೆ ಪ್ರಕಟವಾದ ಲೇಖನಕ್ಕೆ 1,014 ಲೇಖಕರಿದ್ದರು. ಅವರಲ್ಲಿ 900ಕ್ಕೂ ಹೆಚ್ಚು ಮಂದಿ ಪದವಿ ವಿದ್ಯಾರ್ಥಿಗಳು. ಇಷ್ಟು ಜನರನ್ನು ಲೇಖಕರೆನ್ನುವುದರಿಂದ ಆ ಪದಕ್ಕೇ ಅರ್ಥವಿಲ್ಲದಂತಾಗುತ್ತದೆಂದು ಕೆಲವು ವಿಜ್ಞಾನಿಗಳು ಆಕ್ಷೇಪಿಸಿದರು. ಜೀನೋಮಿನ ಒಂದೊಂದು ಭಾಗವನ್ನು ತಿದ್ದಿದವರು ಅವರೇ, ಲೇಖನವನ್ನು ಓದಿ ಒಪ್ಪಿದವರೂ ಅವರೇ ಎಂಬುದು ಯೋಜನೆಯವರ ಉತ್ತರ. ಇದಕ್ಕೆ ತದ್ವಿರುದ್ಧವಾದ ಸ್ಥಿತಿ, ಅಂದರೆ ವಿದ್ಯಾರ್ಥಿ ದುಡಿದು ಹೆಸರು ಬೇರೆಯವರದಾಗುವುದು, ಹೆಚ್ಚು ಸಾಮಾನ್ಯ ಮತ್ತು ಕಡಿಮೆ ಚರ್ಚಿತ. ಕೆಲಸ ಆರಂಭಿಸುವ ಮೊದಲೇ ಈ ವಿಷಯವನ್ನು ಮಾತನಾಡಿಕೊಳ್ಳಬೇಕೆಂದು ಮಾರ್ಗದರ್ಶಿ ಕೈಪಿಡಿಗಳು ಸೂಚಿಸುತ್ತವೆ. ಮಾತು ತೆಗೆಯಬೇಕಾದವರು ಅಧ್ಯಾಪಕರು. ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ಅದನ್ನು ಕೇಳಲಾರ.

ಭಾರತದಲ್ಲಿ

1857ರಲ್ಲಿ ಸ್ಥಾಪಿತವಾದ ಕಲ್ಕತ್ತ, ಬೊಂಬಾಯಿ ಮತ್ತು ಮದರಾಸು ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ನೀಡುವ ಸಂಸ್ಥೆಗಳಾಗಿದ್ದವು. ಬೋಧನೆ ಸಂಯೋಜಿತ ಕಾಲೇಜುಗಳಲ್ಲಿ ನಡೆಯುತ್ತಿತ್ತು. ಸ್ವಾತಂತ್ರ್ಯಾನಂತರ ಸಂಶೋಧನೆಗೆ ಪ್ರತ್ಯೇಕ ರಾಷ್ಟ್ರೀಯ ಪ್ರಯೋಗಾಲಯಗಳು ಬಂದವು. ಹೀಗೆ ಪದವಿ ವಿದ್ಯಾರ್ಥಿಗಳು ಒಂದೆಡೆ, ಸಂಶೋಧಕರು ಇನ್ನೊಂದೆಡೆ ಉಳಿದರು. ಈ ಕಂದಕವನ್ನು ದಾಟಿಸಲು ಹಲವು ಪ್ರಯತ್ನಗಳಾಗಿವೆ. 1999ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಿಶೋರ್ ವೈಜ್ಞಾನಿಕ ಪ್ರೋತ್ಸಾಹನ್ ಯೋಜನಾವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಿರ್ವಹಿಸುತ್ತಿತ್ತು. 2022ರಲ್ಲಿ ಅದನ್ನು ‘ಇನ್‌ಸ್ಪೈರ್’ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು 2004ರಿಂದ ಪದವಿ ವಿದ್ಯಾರ್ಥಿಗಳಿಗಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ನಡೆಸುತ್ತಿದೆ. 2006ರಿಂದ ಆರಂಭವಾದ ಐಸರ್ ಸಂಸ್ಥೆಗಳಲ್ಲಿ ಐದು ವರ್ಷದ ವ್ಯಾಸಂಗದ ಕೊನೆಯ ವರ್ಷ ಸಂಶೋಧನೆಗೆ ಮೀಸಲು.

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗರಾಜ್‌ನ ಇನ್ನೆರಡು ಅಕಾಡೆಮಿಗಳು ಜಂಟಿಯಾಗಿ ನೀಡುವ ಬೇಸಗೆ ಸಂಶೋಧನಾ ಫೆಲೋಶಿಪ್‌ನ ಮೂಲಕ ಯಾವುದೇ ಊರಿನ ಕಾಲೇಜಿನವರು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡಬಹುದು. ಇದರಲ್ಲಿ ಅಧ್ಯಾಪಕರಿಗೂ ಅವಕಾಶವಿದೆಯೆಂಬುದು ಗಮನಾರ್ಹ. ವಿದ್ಯಾರ್ಥಿ ಮರಳಿದರೆ ಒಬ್ಬನಿಗೆ ಲಾಭ. ಅಧ್ಯಾಪಕರು ಮರಳಿದರೆ ಮುಂದಿನ ಹತ್ತಾರು ತಂಡಗಳಿಗೆ.

ಕರ್ನಾಟಕದಲ್ಲಿ

ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ, ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ನೂರು ವರ್ಷಗಳಾದ ಮೇಲೆ, ನಾಲ್ಕು ವರ್ಷಗಳ ವಿಜ್ಞಾನ ಪದವಿಯನ್ನು ಆರಂಭಿಸಿತು. ನಾಲ್ಕನೆಯ ವರ್ಷದ ಮುಖ್ಯ ಭಾಗ ಸಂಶೋಧನೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಬೇಸಗೆ ಫೆಲೋಶಿಪ್‌ಗಳನ್ನು ನೀಡುತ್ತದೆ.

ಆದರೆ ಹೆಚ್ಚು ಕಾಲೇಜುಗಳನ್ನು ತಲುಪಿರುವುದು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ. 1970ರ ದಶಕದಿಂದ ನಡೆದುಬಂದಿರುವ ಇದರಲ್ಲಿ ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಗೈಡ್ ಮೂಲಕ ಪ್ರಸ್ತಾವ ಸಲ್ಲಿಸುತ್ತಾರೆ. ಆಯ್ಕೆಯಾದ ಪ್ರಾಜೆಕ್ಟಿಗೆ ಸಣ್ಣ ಮೊತ್ತದ ನೆರವು ದೊರೆಯುತ್ತದೆ. ತಜ್ಞರ ಮೌಲ್ಯಮಾಪನದಲ್ಲಿ ಮೇಲೆ ಬಂದವು ವರ್ಷಕ್ಕೊಮ್ಮೆ ಯಾವುದಾದರೊಂದು ಕಾಲೇಜಿನಲ್ಲಿ ಜರುಗುವ ರಾಜ್ಯಮಟ್ಟದ ವಿಚಾರಸಂಕಿರಣ ಹಾಗೂ ಪ್ರದರ್ಶನದಲ್ಲಿ ಮಂಡನೆಯಾಗುತ್ತವೆ. ಕೃಷಿ ಉಪಕರಣ, ಕುಡಿಯುವ ನೀರು, ಇಂಧನ ಮುಂತಾದ ಸ್ಥಳೀಯ ಸಮಸ್ಯೆಗಳಿಗೆ ಇಲ್ಲಿ ಒತ್ತು ಇದೆ. ಇನ್ನೊಂದು ಬದಿಯಲ್ಲಿ, ಸಿದ್ಧ ಪ್ರಾಜೆಕ್ಟುಗಳನ್ನು ವರದಿಯ ಸಹಿತ ಮಾರುವ ಅಂಗಡಿಗಳು ನಗರಗಳಲ್ಲಿ ಬಹಿರಂಗವಾಗಿಯೇ ನಡೆಯುತ್ತಿವೆ. ಪ್ರಾಜೆಕ್ಟ್ ಕಡ್ಡಾಯವಾಗಿದ್ದು ಮಾರ್ಗದರ್ಶನ ಇಲ್ಲದಿರುವಲ್ಲಿ ಇಂತಹ ವ್ಯಾಪಾರ ಹುಟ್ಟಿಕೊಳ್ಳುತ್ತದೆ.

ಬಿ.ಎಸ್ಸಿ. ಕಾಲೇಜುಗಳ ಪರಿಸ್ಥಿತಿ ಬೇರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ನಡೆಸಿ ಆನರ್ಸ್ ಪದವಿ ಪಡೆಯುವ ಅವಕಾಶವನ್ನು ಸೂಚಿಸಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಚೌಕಟ್ಟಿನಂತೆ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕ ಗಳಿಸಿದವರು ಇದನ್ನು ಆರಿಸಿಕೊಳ್ಳಬಹುದು. ಕರ್ನಾಟಕವು 2021-22ರಲ್ಲಿ ಈ ನೀತಿಯನ್ನು ಎಲ್ಲಕ್ಕಿಂತ ಮೊದಲು ಜಾರಿಗೆ ತಂದ ರಾಜ್ಯ. ಬಳಿಕ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿತು. ನಾಲ್ಕನೆಯ ವರ್ಷದ ಖರ್ಚನ್ನು ಬಡ ವಿದ್ಯಾರ್ಥಿಗಳು ಭರಿಸಲಾರರು, ಕಾಲೇಜುಗಳಲ್ಲಿ ಅದಕ್ಕೆ ತಕ್ಕ ಸೌಲಭ್ಯವಿಲ್ಲ ಎಂಬ ವಾದಕ್ಕೂ, ಸಂಶೋಧನೆಯ ಅವಕಾಶ ಆಯ್ದ ಸಂಸ್ಥೆಗಳಿಗೆ ಸೀಮಿತವಾಗುತ್ತದೆ ಎಂಬ ಪ್ರತಿವಾದಕ್ಕೂ ಆಧಾರಗಳಿವೆ. ಎರಡೂ ವ್ಯವಸ್ಥೆಗಳಲ್ಲಿ ವಾರದ ಬಹುಭಾಗವನ್ನು ಪಾಠದಲ್ಲಿ ಕಳೆಯುವ, ಹಲವೆಡೆ ಅತಿಥಿ ಉಪನ್ಯಾಸಕರಾಗಿಯೇ ಇರುವ ಅಧ್ಯಾಪಕರಿಗೆ ಮಾರ್ಗದರ್ಶನದ ಸಮಯವನ್ನು ಕೆಲಸದ ಅವಧಿಯಾಗಿ ಎಣಿಸುವ ಪ್ರಶ್ನೆ ಹಾಗೆಯೇ ಉಳಿದಿದೆ.

ಪರಿಣಾಮಗಳ ಅಧ್ಯಯನ

ಸಂಶೋಧನೆಯಲ್ಲಿ ತೊಡಗಿದ ವಿದ್ಯಾರ್ಥಿಗಳು ಆತ್ಮವಿಶ್ವಾಸ, ತಾಳ್ಮೆ ಮತ್ತು ವಿಜ್ಞಾನದಲ್ಲಿ ಮುಂದುವರಿಯುವ ಇಚ್ಛೆ ಹೆಚ್ಚಿದೆಯೆಂದು ಹೇಳುತ್ತಾರೆಂಬುದನ್ನು ಅಮೆರಿಕದ ಅನೇಕ ಸಮೀಕ್ಷೆಗಳು ದಾಖಲಿಸಿವೆ. ಆದರೆ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು, ಪರಿಶೀಲಿಸಿದ 60 ಅಧ್ಯಯನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ವಿದ್ಯಾರ್ಥಿಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಮಾತುಗಳನ್ನು ಮಾತ್ರ ಆಧರಿಸಿವೆಯೆಂದು ತೋರಿಸಿತು. ಮೊದಲೇ ಆಸಕ್ತಿಯುಳ್ಳವರು ಆಯ್ಕೆಯಾಗುವುದರಿಂದ ಫಲಕ್ಕೆ ಕಾರಣ ಸಂಶೋಧನೆಯೋ ಆಯ್ಕೆಯೋ ಎಂದು ಬಿಡಿಸಿ ಹೇಳುವುದೂ ಕಷ್ಟ. ಒಂದೆರಡು ತಿಂಗಳ ಕೆಲಸಕ್ಕಿಂತ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಅದೇ ಮಾರ್ಗದರ್ಶಕರೊಂದಿಗೆ ನಡೆಸಿದ ಕೆಲಸದಿಂದ ಹೆಚ್ಚಿನ ಫಲ ಕಾಣುತ್ತದೆ ಎಂಬ ಅಭಿಪ್ರಾಯಕ್ಕೆ ಈ ಕ್ಷೇತ್ರದಲ್ಲಿ ವ್ಯಾಪಕ ಸಹಮತವಿದೆ.